ಕಂಪವಾತದಲ್ಲಿ ಇಂದ್ರಿಯಗಳ ಪಾಡು

ಕಂಪವಾತವೆಂದೊಡನೆ ಎಲ್ಲರ ದೃಷ್ಟಿಯೂ ರೋಗಿಯ ನಡುಗುವ ಕೈಯ ಮೇಲೆ ನಿಲ್ಲುತ್ತದೆ. ರೋಗದ ಹೆಸರಿನಲ್ಲಿಯೇ ನಡುಕವಿರುವಾಗ ಇದು ಸಹಜವೇ ಸರಿ. 1817ರಲ್ಲಿ ಲಂಡನ್ನಿನ ವೈದ್ಯರಾದ ಜೇಮ್ಸ್ ಪಾರ್ಕಿನ್ಸನ್ನರು ಆರು ಮಂದಿ ರೋಗಿಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಹಾನಿಯಿಲ್ಲವೆಂದು ಹೇಳಿದರು. ರೋಗಕ್ಕೆ ಆ ಮಹನೀಯರ ಹೆಸರು ನಿಂತಿತು. ಆ ಮಾತು ಮಾತ್ರ ನಿಲ್ಲಲಿಲ್ಲ.

ಹಲವರಲ್ಲಿ ಮೊದಲು ಕುಂದುವುದು ಘ್ರಾಣಶಕ್ತಿ. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಮಲ್ಲಿಗೆಯೂ ಇಂಗಿನ ಒಗ್ಗರಣೆಯೂ ಅವರ ಪಾಲಿಗೆ ಇಲ್ಲವಾಗುತ್ತವೆ. ಕಂಪ ಬರುವ ಮುನ್ನ ಕಂಪು ಹೋಗುತ್ತದೆಂದು ನಾವು ಹೇಳಿದರೆ ವಾಚಕರು ಶ್ಲೇಷದ ಚಪಲವೆಂದು ನಗಬಾರದು. 2003ರಲ್ಲಿ ಜರ್ಮನಿಯ ಹೈಕೋ ಬ್ರಾಕ್ ಎಂಬ ಪಂಡಿತರೂ ಅವರ ಸಂಗಡಿಗರೂ, ಈ ರೋಗದ ವಿಕಾರವು ಮೆದುಳಿನಲ್ಲಿ ವಾಸನೆಯನ್ನು ಗ್ರಹಿಸುವ ಭಾಗದಲ್ಲಿ ಬಹು ಮೊದಲೇ ತಲೆದೋರುವುದೆಂದು ವಿವರಿಸಿದ್ದಾರೆ. ನೆಗಡಿಯಿಂದಲೂ ಮುಪ್ಪಿನಿಂದಲೂ ಮೂಗು ಮಂಕಾಗುವುದುಂಟು. ಆದ್ದರಿಂದ ವಾಸನೆ ತಿಳಿಯದವರೆಲ್ಲರೂ ಹೆದರಬೇಕಾಗಿಲ್ಲ.

ರುಚಿಯೆಂದು ನಾವು ತಿಳಿಯುವುದರ ಬಹುಭಾಗ ಮೂಗಿನದು. ನಮ್ಮ ನೆರೆಯ ವೃದ್ಧರೊಬ್ಬರು ಎರಡು ವರ್ಷಕಾಲ ಸಾರು ಸಪ್ಪೆಯೆಂದು ತಟ್ಟೆಯನ್ನು ದೂಡುತ್ತಿದ್ದರು. ಸೊಸೆ ಉಪ್ಪು ಹುಳಿಗಳನ್ನು ಏರಿಸಿದಳು, ಬೈಸಿಕೊಂಡಳು, ಕಡೆಗೆ ಅಡಿಗೆಮನೆಯಲ್ಲಿ ಕಣ್ಣೀರು ಸುರಿಸಿದಳು. ತಪ್ಪು ಇಬ್ಬರಲ್ಲಿಯೂ ಇರಲಿಲ್ಲ. ವೈದ್ಯರು ರೋಗವನ್ನು ಗುರುತಿಸಿ ಹೇಳಿದ ದಿನ ಆ ಹಿರಿಯರು ಮೊದಲು ಆಡಿದ ಮಾತು, "ಹಾಗಾದರೆ ಸಾರು ಚೆನ್ನಾಗಿಯೇ ಇತ್ತೇನಮ್ಮ?" ಎಂಬುದು.

ನೋವಿನ ವಿಷಯ ಇನ್ನೂ ಕಷ್ಟ. ಒಂದು ಪಕ್ಕದ ಹೆಗಲು ಬಿಗಿದು ನೋಯುತ್ತದೆ. ಕೀಲಿನ ದೋಷವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕುತ್ತಾರೆ. ಕೆಲವರಿಗೆ ಕಾಲಿನಲ್ಲಿ ಉರಿ, ಜೋಮು. ಚರ್ಮವನ್ನು ನೋಡಿದರೆ ಏನೂ ಇಲ್ಲ. ಕಾಣುವ ನಡುಕಕ್ಕೆ ಕನಿಕರಪಡುವ ಮನೆಯವರೇ ಕಾಣದ ಉರಿಯನ್ನು ನಟನೆಯೆನ್ನುವುದನ್ನು ನಾವು ಕೇಳಿದ್ದೇವೆ, ಇದು ಅನ್ಯಾಯ. ಲೆವೊಡೋಪಾ ಎಂಬ ಔಷಧದ ಬಲ ಇಳಿದ ಹೊತ್ತಿನಲ್ಲಿ ಇಂಥ ನೋವು ಹಲವರಿಗೆ ಏರುತ್ತದೆ. ನೋವು ಬಂದ ಗಂಟೆಯನ್ನೂ ಗುಳಿಗೆ ನುಂಗಿದ ಗಂಟೆಯನ್ನೂ ಒಂದು ಕಾಗದದಲ್ಲಿ ಬರೆದಿಟ್ಟು ತೋರಿಸಿದರೆ ವೈದ್ಯರು ಗುಳಿಗೆಯ ಹೊತ್ತನ್ನೋ ಪ್ರಮಾಣವನ್ನೋ ತಿದ್ದಬಲ್ಲರು. ಹೋದ ಘ್ರಾಣಶಕ್ತಿಯಾದರೋ ಆ ಔಷಧದಿಂದ ಮರಳುವುದಿಲ್ಲ. ಆದುದರಿಂದ ಅಂಥವರನ್ನು ಅನ್ನ ಹಳಸಿದೆಯೇ ನೋಡಿರೆಂದು ಕೇಳಬಾರದು. ಗ್ಯಾಸಿನ ಒಲೆಯ ಕಾವಲನ್ನು ಅವರೊಬ್ಬರಿಗೇ ಬಿಟ್ಟು ಊರಿಗೆ ಹೋಗಲೂಬಾರದು.