ನೆಕ್ಕಾರ್ ದಂಡೆಯಲ್ಲಿ ದಾಸರ ಪದ

ಚಿಕ್ಕಬಾಣಾವರ ಜಂಕ್ಷನ್‌ನಲ್ಲಿ ರೈಲುಹಳಿ ಕವಲೊಡೆಯುತ್ತದೆ. ಒಂದು ತುಮಕೂರಿನ ಕಡೆ, ಇನ್ನೊಂದು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ. ಆ ರೈಲುಗಳ ಸದ್ದಿನಲ್ಲೇ ಸಂಸಾರ ಮಾಡಿದವರು ನಾವು. ಯಜಮಾನರಿಗೆ ಪೀಣ್ಯದಲ್ಲಿ ಕೆಲಸ, ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಲೋಕ. ಅಂಥ ಯಂತ್ರಗಳ ತವರಾದ ದಕ್ಷಿಣ ಜರ್ಮನಿಗೆ ಕಂಪನಿ ಅವರನ್ನು ಕಳಿಸಿದಾಗ ನಾನೂ ಮಗಳೂ ಹೊರಟೆವು. ಸ್ಟಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್ ನಮ್ಮ ಊರಾಯಿತು. ನೆಕ್ಕಾರ್ ನದಿ, ಅದರ ಮೇಲೆ ಕಲ್ಲುಕಟ್ಟೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾಕ್ಷಿ ತೋಟ, ಮರದ ಚೌಕಟ್ಟು ಗೋಡೆಯ ಹೊರಗೇ ಕಾಣುವ ಹಳೇ ಮನೆಗಳು. ನಾವಿದ್ದ ಗುಡ್ಡಕ್ಕೆ ತಲೆಯ ಮೇಲಿನ ತಂತಿಯಿಂದ ಕರೆಂಟು ಎಳೆದುಕೊಂಡು ಬಸ್ಸು ಹತ್ತುತ್ತದೆ. 1944ರಿಂದ ಹೀಗೇ ಓಡುತ್ತಿದೆಯಂತೆ. ಹೊಗೆಯಿಲ್ಲ, ಗರಗರ ಸದ್ದಿಲ್ಲ. ಹೆಸರಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಮೂಗು ಮುಚ್ಚಿಕೊಂಡು ನಿಂತವಳಿಗೆ ಆ ಬಸ್ಸು ಏರುವುದೇ ಒಂದು ಸಂಭ್ರಮ.

2023ರ ಬೇಸಿಗೆಗೆ ಅತ್ತೆ ಬಂದರು. ಅಲ್ಲಿಯವರೆಗೆ ನಾನು ನೋಡಿ ಬೆರಗಾಗಿದ್ದನ್ನೆಲ್ಲ ಅವರ ಕಣ್ಣಿನಿಂದ ಮತ್ತೊಮ್ಮೆ ನೋಡಿದೆ.

ಮೊದಲ ಸಂಜೆಯೇ ಅವರಿಗೆ ದೀಪದ ಚಿಂತೆ. ಮುಖ ತೊಳೆದು, ಬತ್ತಿ ಹೊಸೆದು ಕೂತರು. ಏಳಾಯಿತು, ಎಂಟಾಯಿತು, ಬಿಸಿಲು ಇನ್ನೂ ಅಡುಗೆಮನೆಯ ಗೋಡೆ ಮೇಲಿತ್ತು. "ಇನ್ನೂ ಹೊತ್ತು ಮುಳುಗಿಲ್ವಲ್ಲಮ್ಮ!" ಎಂದು ಕಿಟಕಿಯಿಂದ ಕಿಟಕಿಗೆ ಓಡಾಡಿದರು. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು ಎಂದಾಗ ಅವರು ನಂಬಲೇ ಇಲ್ಲ. ಕೊನೆಗೆ ಗಡಿಯಾರವನ್ನು ಪಕ್ಕಕ್ಕಿಟ್ಟು ಆಕಾಶವನ್ನೇ ನೋಡಿ ದೀಪ ಹಚ್ಚುವುದೆಂದು ಅವರೇ ತೀರ್ಮಾನಿಸಿದರು. ಮೊಮ್ಮಗಳು ಮಲಗಿ ಎಷ್ಟೋ ಹೊತ್ತಿನ ಮೇಲೆ, ನಿಜವಾದ ಮುಸ್ಸಂಜೆಗೆ, ದೇವರ ಮುಂದೆ ಬೆಳಕು.

ಇಲ್ಲಿನ ಶ್ವಾಬಿಯನ್ ಜನರಿಗೆ ಕೇರ್‌ವೋಖೆ ಎಂಬ ಪದ್ಧತಿ ಇದೆ. ಒಂದೇ ಕಟ್ಟಡದ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲು, ಅಂಗಳ, ಮುಂದಿನ ಪಾದಚಾರಿ ದಾರಿ ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಸಣ್ಣದೊಂದು ಹಲಗೆ ತೂಗುತ್ತದೆ. ವಾರ ಮುಗಿದ ಮೇಲೆ ಅದನ್ನು ಪಕ್ಕದ ಮನೆಗೆ ದಾಟಿಸಬೇಕು. ಡಾಕ್ಟರಾಗಲಿ, ಡ್ರೈವರಾಗಲಿ, ಪೊರಕೆ ಹಿಡಿಯುವುದು ತಾವೇ. ಇದರ ಬೇರು 1492ರ ಸ್ಟಟ್‌ಗಾರ್ಟ್ ನಗರದ ಕಟ್ಟಳೆಯಲ್ಲಿದೆ ಎಂದು ಇಲ್ಲಿಯವರು ಹೇಳುತ್ತಾರೆ. ನಮ್ಮ ಬಾಗಿಲಿಗೆ ಹಲಗೆ ಬಂದಾಗ ಅತ್ತೆ ಯಾರನ್ನೂ ಪೊರಕೆ ಮುಟ್ಟಗೊಡಲಿಲ್ಲ. ಬೆಳಗ್ಗೆ ಆರಕ್ಕೇ ಎದ್ದು ಮೆಟ್ಟಿಲು ಗುಡಿಸಿ, ಒರೆಸಿ, ಬಾಗಿಲ ಮುಂದೆ ನೀರು ಚಿಮುಕಿಸಿ, ಊರಿಂದ ತಂದ ರಂಗೋಲಿ ಪುಡಿಯಲ್ಲಿ ಎಂಟು ದಳದ ತಾವರೆ ಬಿಟ್ಟರು. ಕೆಳಮನೆಯ ಅಜ್ಜಿ ಹೊರಗೆ ಬಂದವರು ನಿಂತೇಬಿಟ್ಟರು. ತುಳಿಯದೆ ಗೋಡೆಯ ಅಂಚಿಗೆ ಸರಿದು, ಕೈಗೋಲು ಊರಿಕೊಂಡು ದಾಟಿದರು. ಮರುವಾರ ಹಲಗೆ ಅವರ ಮನೆಗೆ ಹೋದರೂ ಅತ್ತೆಯನ್ನು ಕೈಹಿಡಿದು ಕರೆತಂದು ಬಾಗಿಲ ಮುಂದಿನ ಜಾಗ ತೋರಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಕೆಲಸ ಮಾತ್ರ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ನಲ್ಲಿ ನೀರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ನಲ್ಲಿಗೆ ಲೋಟ ಹಿಡಿದು ಹಾಗೇ ಕುಡಿಯಬಹುದು ಎಂದಾಗ ಅತ್ತೆ ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು ಯೋಚಿಸಿದರು. ಟ್ಯಾಂಕರ್ ಬರುವ ಹೊತ್ತಿಗೆ ಕಾದು ಸಂಪ್ ತುಂಬಿಸಿದ ಕೈ ಅದು. ಸ್ಟಟ್‌ಗಾರ್ಟ್ ನಗರಕ್ಕೆ 1958ರಿಂದ ಬೋಡನ್ ಸರೋವರದ ನೀರು ಬರುತ್ತಿದೆ. ಜಿಪ್ಲಿಂಗೆನ್ ಎಂಬಲ್ಲಿ ಸರೋವರದ 60 ಮೀಟರ್ ಆಳದಿಂದ ನೀರೆತ್ತಿ, ಸುಮಾರು 300 ಮೀಟರ್ ಎತ್ತರದ ಗುಡ್ಡಕ್ಕೆ ಏರಿಸಿ, ಅಲ್ಲಿ ಶುದ್ಧಮಾಡಿ ಉತ್ತರಕ್ಕೆ ಹರಿಸುತ್ತಾರೆ. ದಾರಿಯಲ್ಲಿ ಒಂದು ಬೆಟ್ಟಸಾಲಿನ ಹೊಟ್ಟೆಯೊಳಗೇ ಸುರಂಗ. ನಮ್ಮ ಬೆಂಗಳೂರೂ ನೂರು ಕಿಲೋಮೀಟರ್ ದೂರದಿಂದ, ಇದಕ್ಕಿಂತ ಎತ್ತರಕ್ಕೆ ಕಾವೇರಿಯನ್ನು ಎತ್ತಿಸಿಕೊಂಡೇ ಬದುಕಿರುವುದು. ಆ ಸಾಹಸವೇನೂ ಕಡಿಮೆಯಲ್ಲ. ಆದರೆ ಇವರು ಸರೋವರವನ್ನು ಕಾಯುವ ಶ್ರದ್ಧೆಯಲ್ಲಿ ನಾವು ನಮ್ಮ ಕೆರೆಗಳನ್ನು ಕಾಯಲಿಲ್ಲ. ಅರ್ಕಾವತಿಗೆ ಅಡ್ಡಕಟ್ಟಿದ ಹೆಸರಘಟ್ಟ ಕೆರೆ, 1894ರದ್ದು, ಒಂದು ಕಾಲಕ್ಕೆ ಬೆಂಗಳೂರಿಗೇ ನೀರು ಕೊಟ್ಟಿತ್ತು. ನಮ್ಮ ಮನೆಯಿಂದ ಎಷ್ಟು ಹತ್ತಿರ! ಎಷ್ಟೋ ವರ್ಷ ಅದು ಬರೀ ಬಯಲಾಗಿದ್ದನ್ನು ಕಂಡವರು ನಾವು. ನನಗೆ ಇಲ್ಲಿ ಹೊಟ್ಟೆಕಿಚ್ಚಾದದ್ದು ಈ ಒಂದಕ್ಕೇ.

ಆ ವರ್ಷದ ಮೇ ತಿಂಗಳಲ್ಲಿ ಜರ್ಮನಿಯಲ್ಲಿ 49 ಯೂರೋ ಟಿಕೆಟ್ ಶುರುವಾಗಿತ್ತು. ತಿಂಗಳಿಗೊಮ್ಮೆ ಕೊಂಡರೆ ದೇಶವೆಲ್ಲ ಊರ ಬಸ್ಸು, ಮೆಟ್ರೊ, ಪ್ಯಾಸೆಂಜರ್ ರೈಲು ಹತ್ತಬಹುದಿತ್ತು. ಅತ್ತೆಗೂ ಒಂದು ಕೊಂಡೆವು. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಬರಬೇಕಾದ ಉಪನಗರ ರೈಲು, ಆ ಮಲ್ಲಿಗೆ ಮಾರ್ಗದ 25 ಕಿಲೋಮೀಟರ್, ಮುಗಿದ ದಿನ ನಮ್ಮವರಿಗೂ ಇಂಥದೊಂದು ಟಿಕೆಟ್ ಸಿಗಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಆ ಟಿಕೆಟ್ಟಿನಲ್ಲೇ ಒಂದು ಶನಿವಾರ ಟ್ಯೂಬಿಂಗೆನ್‌ಗೆ ಹೊರಟೆವು. ಪ್ಲೋಖಿಂಗೆನ್‌ನಲ್ಲಿ ಹಳಿ ಕವಲೊಡೆದಾಗ ಅತ್ತೆ "ನಮ್ಮೂರಿನ ಥರಾನೇ" ಎಂದರು. ನ್ಯೂರ್ಟಿಂಗೆನ್, ಮೆಟ್ಸಿಂಗೆನ್, ರಾಯ್ಟ್‌ಲಿಂಗೆನ್. ಕಿಟಕಿಯಾಚೆ ಸೇಬಿನ ಮರಗಳು, ಹಸಿರು ಗುಡ್ಡದ ಮೇಲೊಂದು ಕೋಟೆ. ರೈಲಿನಲ್ಲೇ ಯಜಮಾನರು ಕಿಟೆಲ್ ಕಥೆ ಶುರುಮಾಡಿದರು. 1853ರಲ್ಲಿ ಧಾರವಾಡಕ್ಕೆ ಬಂದಾಗ ಫರ್ಡಿನಾಂಡ್ ಕಿಟೆಲ್ ಇಪ್ಪತ್ತರ ಹರೆಯದ ಹುಡುಗ. ಊರೂರು ನಡೆದು ಕನ್ನಡ ಕಲಿತು, ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಕಟ್ಟಿದ. ಅದು ಮಂಗಳೂರಿನಲ್ಲಿ ಅಚ್ಚಾದದ್ದೂ 1894ರಲ್ಲೇ, ನಮ್ಮ ಹೆಸರಘಟ್ಟ ಕೆರೆಯ ವರ್ಷ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವನು ತೀರಿಕೊಂಡದ್ದೂ ಅದೇ ಊರಿನಲ್ಲಿ.

ಟ್ಯೂಬಿಂಗೆನ್‌ನ ವಿಶ್ವವಿದ್ಯಾಲಯ 1477ರದ್ದು. ಕಲ್ಲುಹಾಸಿನ ಏರುದಾರಿ, ಕಿಟಕಿ ಕಿಟಕಿಗೂ ಕೆಂಪು ಹೂವಿನ ಕುಂಡ, ಕೆಳಗೆ ನೆಕ್ಕಾರ್‌ನಲ್ಲಿ ಉದ್ದನೆ ಗಳು ಊರಿಕೊಂಡು ವಿದ್ಯಾರ್ಥಿಗಳು ತಳ್ಳುವ ಚಪ್ಪಟೆ ದೋಣಿ. ನದಿಯ ನಡುಗಡ್ಡೆಯಲ್ಲಿ ಎತ್ತರದ ಮರಗಳ ಸಾಲು, ಅದರ ಕೆಳಗೆ ಬೆಂಚು. ಅತ್ತೆಯನ್ನು ಕೂರಿಸಿ ಮೋಗ್ಲಿಂಗ್ ವಿಷಯ ಹೇಳಿದೆ. ಹರ್ಮನ್ ಮೋಗ್ಲಿಂಗ್, ಇದೇ ಊರಿನಲ್ಲಿ ಓದಿ 1836ರಲ್ಲಿ ಮಂಗಳೂರಿಗೆ ಬಂದವನು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವನು ಅವನೇ. ಜೈಮಿನಿ ಭಾರತ, ಬಸವ ಪುರಾಣಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ. ಓಲೆಗರಿಯಲ್ಲೂ ಜನರ ನಾಲಿಗೆಯಲ್ಲೂ ಇದ್ದ ದಾಸರ ಪದಗಳನ್ನು ಮೊದಲು ಪುಸ್ತಕವಾಗಿಸಿದ.

"ನಮ್ಮ ದಾಸರ ಪದಾನಾ?" ಅತ್ತೆ ನನ್ನ ಕೈ ಹಿಡಿದರು. ಚಿಕ್ಕಬಾಣಾವರದ ಭಜನಾ ಮಂಡಳಿಯಲ್ಲಿ ಎಷ್ಟೋ ವರ್ಷದಿಂದ ಹಾಡುವವರು ಅವರು.

"ಹೂಂ ಅತ್ತೆ. 1881ರಲ್ಲಿ ಅವರು ತೀರಿಹೋದದ್ದು ಎಸ್ಲಿಂಗೆನ್‌ನಲ್ಲಿ. ನಾವಿರೋ ಊರಲ್ಲೇ."

ನಾನು ಈ ಸಂಗತಿ ಓದಿದ ದಿನ ನನಗೂ ಮೈ ಜುಂ ಎಂದಿತ್ತು. ಪರದೇಶ ಎಂದುಕೊಂಡು ಬಂದ ಊರು ನಮ್ಮ ಭಾಷೆಗೆ ಆಗಲೇ ಋಣಾನುಬಂಧದ ಊರಾಗಿತ್ತು. ನಾವು ಇಲ್ಲಿ ಕಸ ಬೇರ್ಪಡಿಸುವುದನ್ನು, ಟಿಕೆಟ್ ಕೊಳ್ಳುವುದನ್ನು, ಮಾತನ್ನು ಕಲಿಯುತ್ತಿರುವ ಹಾಗೆ, ಅವರು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ನಮ್ಮ ಮಳೆ, ನಮ್ಮ ಊಟ, ನಮ್ಮ ಅಕ್ಷರ ಕಲಿತರು. ನಾವು ಕೆಲಸ ಮುಗಿಸಿ ಹೊರಟರೆ ಇಲ್ಲಿಗೆ ಏನು ಕೊಟ್ಟು ಹೋಗುತ್ತೇವೆ ಎಂಬ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅತ್ತೆ ಸೆರಗು ಸರಿಮಾಡಿಕೊಂಡು, ಅಲ್ಲೇ ಬೆಂಚಿನ ಮೇಲೆ, ಗಂಟಲು ತೆರೆದು ಪುರಂದರದಾಸರ ಒಂದು ಪದ ಹಾಡಿದರು. ಮಗಳು ತಾಳ ಹಾಕಿದಳು. ಹೋಗುತ್ತಿದ್ದ ದೋಣಿಯೊಂದು ಗಳು ಊರಿ ನಿಂತಿತು, ಹಾಡು ಮುಗಿದಾಗ ಅದರಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅತ್ತೆಯ ಗಮನ ಅತ್ತ ಇರಲಿಲ್ಲ. ಆಗಲೇ ಫೋನ್ ತೆಗೆದು, ಊರಲ್ಲಿ ರಾತ್ರಿ ಊಟದ ಹೊತ್ತು ಎನ್ನುವುದನ್ನೂ ಲೆಕ್ಕಿಸದೆ, ಮಂಡಳಿಯ ಗೆಳತಿಗೆ ವೀಡಿಯೊ ಕರೆ ಹಚ್ಚಿದ್ದರು. "ಕೇಳೇ ಇಲ್ಲಿ, ನಾವು ಹಾಡ್ತೀವಲ್ಲ ಪದ, ಅದನ್ನ ಮೊದಲು ಅಚ್ಚು ಹಾಕಿಸಿದವರು ಓದಿದ ಊರಲ್ಲಿ ಕೂತಿದೀನಿ!" ಆ ಕಡೆಯವರು ಹೆಸರು ಕೇಳಿದರು. ಬರುವ ಶನಿವಾರ ಭಜನೆಗೆ ಮೊದಲು ಆ ಹೆಸರು ಹೇಳಿಯೇ ಶುರು ಮಾಡಬೇಕೆಂದು ಅತ್ತೆ ತಾಕೀತು ಮಾಡಿ, ಸರಿಯಾಗಿ ಬರೆಸು ಎಂದು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟರು.