ಅಟ್ಲಾಂಟಿಕ್ ದಂಡೆಯಲ್ಲಿ ಸಂಸಾರ ಸಮೇತ

ಐರ್ಲೆಂಡಿನ ಪಶ್ಚಿಮ ಕರಾವಳಿಯನ್ನು ಹಿಡಿದು ಸಾಗುವ ‘ವೈಲ್ಡ್ ಅಟ್ಲಾಂಟಿಕ್ ವೇ’ ಸುಮಾರು 2,500 ಕಿ.ಮೀ. ಉದ್ದದ ಹಾದಿ. ದಕ್ಷಿಣದ ಕಾರ್ಕ್ ಕೌಂಟಿಯ ಕಿನ್ಸೇಲ್‌ನಲ್ಲಿ ಅದರ ಒಂದು ತುದಿ, ಉತ್ತರದ ಡೊನೆಗಾಲ್ ಕೌಂಟಿಯಲ್ಲಿ ಇನ್ನೊಂದು. ಒಟ್ಟು ಒಂಬತ್ತು ಕೌಂಟಿಗಳನ್ನು ಅದು ಹಾಯುತ್ತದೆ. 2014ರಲ್ಲಿ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಈ ಹೆಸರು ಕೊಟ್ಟಾಗ ಹೊಸ ರಸ್ತೆಯನ್ನೇನೂ ಹಾಕಲಿಲ್ಲ. ಮೊದಲೇ ಇದ್ದ ಊರ ರಸ್ತೆಗಳನ್ನು ಒಂದಕ್ಕೊಂದು ಪೋಣಿಸಿ, ನೀಲಿ ಫಲಕದ ಮೇಲೆ ಅಲೆಯ ಗುರುತು ಬರೆದು ನಿಲ್ಲಿಸಿತು, ಅಷ್ಟೆ. ಹಾಗಾಗಿ ಕಾರವಾರದಿಂದ ಮಂಗಳೂರಿಗೆ ಇಳಿದು ಬರುವ ಹೆದ್ದಾರಿಯಂಥದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರು ಮೊದಲ ದಿನವೇ ಬೇಸ್ತುಬೀಳುತ್ತಾರೆ.

ಆ ದ್ವೀಪದ ತುದಿಯಿಂದ ಬುಡಕ್ಕೆ ನೇರ ಗೆರೆ ಎಳೆದರೆ 500 ಕಿ.ಮೀ. ದಾಟುವುದಿಲ್ಲ. ಕರಾವಳಿಯ ರಸ್ತೆ ಅದರ ಐದು ಪಟ್ಟು ಉದ್ದವಾಗಲು ಕಾರಣ ನೆಲದ ಆಕಾರ. ನೈರುತ್ಯ ಮೂಲೆಯಲ್ಲಿ ಮಿಜೆನ್, ಶೀಪ್ಸ್ ಹೆಡ್, ಬೇರಾ, ಐವೆರಾ, ಡಿಂಗಲ್ ಎಂಬ ಐದು ಪರ್ಯಾಯ ದ್ವೀಪಗಳು ಬಿಚ್ಚಿದ ಅಂಗೈಯ ಬೆರಳುಗಳ ಹಾಗೆ ಕಡಲೊಳಕ್ಕೆ ಚಾಚಿಕೊಂಡಿವೆ. ರಸ್ತೆ ಪ್ರತಿ ಬೆರಳಿನ ತುದಿಗೂ ಹೋಗಿ ವಾಪಸು ಬರಬೇಕು. ಎದುರು ದಡದ ಮನೆಯ ಬಣ್ಣ ಕಣ್ಣಿಗೆ ಕಾಣುತ್ತಿರುತ್ತದೆ, ಅಲ್ಲಿಗೆ ಮುಟ್ಟಲು ಎರಡು ಗಂಟೆ ಬೇಕಾಗುತ್ತದೆ. ಗಂಟೆಗೆ ಸರಾಸರಿ 40 ಕಿ.ಮೀ. ಎಂದು ಲೆಕ್ಕ ಹಾಕಿದರೆ ಯೋಜನೆ ನಿಲ್ಲುತ್ತದೆ, ಫೋನಿನ ನಕ್ಷೆ ಹೇಳಿದ ಹೊತ್ತನ್ನು ನಂಬಿದರೆ ನಿಲ್ಲುವುದಿಲ್ಲ. ಆ ನಕ್ಷೆಗೆ ಮಗುವಿನ ವಾಂತಿಯಾಗಲಿ ಅಜ್ಜಿಯ ಮಂಡಿನೋವಾಗಲಿ ತಿಳಿಯದು.

ಡಬ್ಲಿನ್‌ನಲ್ಲಿ ಐಟಿ ಕೆಲಸದಲ್ಲೋ ಆಸ್ಪತ್ರೆಯಲ್ಲೋ ಇರುವ ಕನ್ನಡಿಗರ ಮನೆಗೆ ಬೇಸಿಗೆಯಲ್ಲಿ ಊರಿನಿಂದ ತಂದೆತಾಯಿ ಬಂದಾಗ ಇಂಥ ಪ್ರವಾಸದ ಮಾತು ಏಳುತ್ತದೆ. ಒಂದೇ ಕಾರಿನಲ್ಲಿ ಮೂರು ತಲೆಮಾರು. ರಜೆ ಒಂದು ವಾರ. ಇಷ್ಟು ಬಿಡುವಿನಲ್ಲಿ ಇಡೀ ಹಾದಿ ಮುಗಿಸುತ್ತೇವೆಂದು ಹೊರಡುವುದು ಕಾರಿನ ಕಿಟಕಿ ನೋಡಿಕೊಂಡು ಬರುವುದಕ್ಕೆ ಸಮ. ಎರಡು ಬೆರಳುಗಳನ್ನು ಆರಿಸಿಕೊಂಡು, ಕ್ಲೇರ್ ಕೌಂಟಿಯ ಬಂಡೆಗೋಡೆಗಳನ್ನು ಸೇರಿಸಿಕೊಂಡರೆ ವಾರ ಸರಿಹೋಗುತ್ತದೆ. ಉಳಿದ ಮೇಯೊ, ಸ್ಲೈಗೊ, ಡೊನೆಗಾಲ್‌ಗಳನ್ನು ಇನ್ನೊಂದು ವರ್ಷಕ್ಕೆ ಬಿಡುವುದೇ ಜಾಣತನ.

ಕಾಲ ಯಾವುದು ಎಂಬುದಕ್ಕೆ ಮಳೆಯಿಂದ ಉತ್ತರ ಹುಡುಕಿದರೆ ಸಿಗದು. ಪಶ್ಚಿಮದ ಕೆಲವು ಭಾಗಗಳಲ್ಲಿ ವರ್ಷಕ್ಕೆ ಸುಮಾರು 225 ದಿನ ಮಳೆ ಬೀಳುತ್ತದೆ. ಮೊತ್ತದಲ್ಲಿ ಅದು ಹೆಚ್ಚೇನಲ್ಲ: ತಗ್ಗಿನ ಊರುಗಳಲ್ಲಿ 1,000ದಿಂದ 1,400 ಮಿ.ಮೀ., ಅಂದರೆ ಮಂಗಳೂರಿನ ಮಳೆಯ ಅರ್ಧವೂ ಇಲ್ಲ. ಆದರೆ ಮಂಗಳೂರಿನ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಇಲ್ಲಿನದು ವರ್ಷವಿಡೀ ಜಿನುಗುತ್ತದೆ. ಗಾಳಿ ಜೋರಾದ್ದರಿಂದ ಕೊಡೆ ನಿಲ್ಲದು, ತಲೆಗವಸಿರುವ ಮಳೆಕೋಟೇ ಬೇಕು. ಕಾಲವನ್ನು ಆರಿಸಬೇಕಾದದ್ದು ಬೆಳಕನ್ನು ನೋಡಿ. ಜೂನ್‌ನಲ್ಲಿ ಪಶ್ಚಿಮ ತೀರದಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತಾಗಿರುತ್ತದೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ. ಮೇ ಕೊನೆ ಮತ್ತು ಜೂನ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಶಾಲೆಗಳಿಗೂ ರಜೆ, ಕೋಣೆಗಳ ಬಾಡಿಗೆ ಏರಿರುತ್ತದೆ. ಬೇಸಿಗೆ ಎಂಬ ಹೆಸರಿಗೆ ಮರುಳಾಗಿ ಸ್ವೆಟರ್ ಬಿಟ್ಟು ಬರಬಾರದು, ಜುಲೈ ಮಧ್ಯಾಹ್ನದಲ್ಲೂ 18–20 ಡಿಗ್ರಿಗಿಂತ ಮೇಲೆ ಹೋಗುವುದು ಅಪರೂಪ.

ಕಾಗದಪತ್ರಗಳಲ್ಲಿ ಮೊದಲು ತಿಳಿಯಬೇಕಾದದ್ದು ವೀಸಾ. ಐರ್ಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ, ಅಲ್ಲಿ ನಡೆಯುವುದು ಯೂರೋ. ಆದರೂ ಅದು ಷೆಂಗೆನ್ ವ್ಯವಸ್ಥೆಯೊಳಗಿಲ್ಲ. ಫ್ರಾನ್ಸಿಗೋ ಜರ್ಮನಿಗೋ ಪಡೆದ ವೀಸಾ ಇಲ್ಲಿ ನಡೆಯುವುದಿಲ್ಲ, ಐರಿಷ್ ವೀಸಾ ಬೇರೆಯೇ ಬೇಕು. ಭಾರತೀಯರ ಅಲ್ಪಾವಧಿ ವೀಸಾದ ಮೇಲೆ ‘ಬಿಐವಿಎಸ್’ ಎಂಬ ಗುರುತಿದ್ದರೆ ಬ್ರಿಟನ್ನಿಗೂ ಹೋಗಿಬರಬಹುದು. ಉತ್ತರದ ಜೈಂಟ್ಸ್ ಕಾಸ್‌ವೇ ನೋಡುವ ಆಸೆಯಿದ್ದವರಿಗೆ ಇದು ಮುಖ್ಯ. ಆ ಜಾಗ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಬ್ರಿಟನ್ನಿನ ಆಡಳಿತದಲ್ಲಿ. ಗಡಿಯಲ್ಲಿ ಚೆಕ್‌ಪೋಸ್ಟ್ ಇಲ್ಲ, ತಡೆಯುವವರೂ ಇಲ್ಲ. ಹಾಗೆಂದು ಕಾನೂನು ಬದಲಾಗುವುದಿಲ್ಲ. ವೇಗದ ಫಲಕ ಮಾತ್ರ ಸದ್ದಿಲ್ಲದೆ ಕಿಲೋಮೀಟರಿನಿಂದ ಮೈಲಿಗೆ ಹೊರಳುತ್ತದೆ.

ಭಾರತದ ಚಾಲನಾ ಪರವಾನಗಿಯಲ್ಲೇ ಪ್ರವಾಸಿಗರು ಕಾರು ಓಡಿಸಬಹುದು. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಜೊತೆಗಿದ್ದರೆ ಬಾಡಿಗೆ ಕೌಂಟರಿನಲ್ಲಿ ವಾದವಿರುವುದಿಲ್ಲ. ಆ ಕೌಂಟರಿನಲ್ಲಿ ಸಾಮಾನ್ಯವಾಗಿ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. ಆಟೊಮ್ಯಾಟಿಕ್ ಗೇರಿನ ಕಾರು ಬೇಕಿದ್ದರೆ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು, ಅದಕ್ಕೆ ದರವೂ ಹೆಚ್ಚು. ವಿಮೆಯ ಕಾಗದದಲ್ಲಿ ‘ಎಕ್ಸೆಸ್’ ಎಂಬ ಸಾಲನ್ನು ಓದದೆ ಸಹಿ ಹಾಕಬಾರದು, ಅಪಘಾತವಾದರೆ ಕೈಯಿಂದ ತೆರಬೇಕಾದ ಮೊತ್ತ ಅದು. ಏಳು ಸೀಟಿನ ಗಾಡಿ ತೆಗೆದುಕೊಂಡು ಏಳೂ ಸೀಟು ತುಂಬಿದರೆ ಹಿಂದೆ ಒಂದು ಸೂಟ್‌ಕೇಸಿಗೂ ಜಾಗವಿರುವುದಿಲ್ಲ ಎಂಬುದು ಬಹಳ ಮಂದಿಗೆ ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಹೊಳೆಯುತ್ತದೆ. 150 ಸೆಂ.ಮೀ.ಗಿಂತ ಗಿಡ್ಡ, 36 ಕೆ.ಜಿ.ಗಿಂತ ಹಗುರ ಇರುವ ಮಕ್ಕಳಿಗೆ ಅವರ ಅಳತೆಯ ಪ್ರತ್ಯೇಕ ಸೀಟು ಕಡ್ಡಾಯ. ಅಮ್ಮನ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ರಸ್ತೆಯ ಎಡಬದಿಯಲ್ಲೇ ಓಡಿಸುವುದು ನಮ್ಮವರಿಗೆ ದೊಡ್ಡ ಅನುಕೂಲ. ವೃತ್ತಗಳಲ್ಲಿ ಮಾತ್ರ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಮೂತಿ ತೂರಿಸಿದವನೇ ಮೊದಲು ಎಂಬ ಬೆಂಗಳೂರಿನ ನಿಯಮವನ್ನು ವಿಮಾನದಲ್ಲೇ ಬಿಟ್ಟು ಇಳಿಯುವುದು ಒಳ್ಳೆಯದು. ಪೆಟ್ರೋಲ್ ಬಂಕಿನಲ್ಲಿ ತಾನೇ ಇಳಿದು ತುಂಬಿಸಿಕೊಳ್ಳಬೇಕು. ಹಸಿರು ಹಿಡಿಕೆ ಪೆಟ್ರೋಲಿನದು, ಕಪ್ಪು ಡೀಸೆಲಿನದು. ಸ್ಥಳೀಯ ಹಳ್ಳಿ ರಸ್ತೆಗಳ ವೇಗಮಿತಿಯನ್ನು 2025ರ ಫೆಬ್ರವರಿಯಲ್ಲಿ 80ರಿಂದ 60 ಕಿ.ಮೀ.ಗೆ ಇಳಿಸಲಾಗಿದೆ. ಅನೇಕ ಕಡೆ ಅಷ್ಟು ವೇಗವೂ ಸಾಧ್ಯವಿಲ್ಲ. ಅಲ್ಲಿನವರು ‘ಬೋರೀನ್’ ಎನ್ನುವ ಓಣಿಗಳು ಒಂದೇ ಕಾರಿನ ಅಗಲದವು, ನಡುವೆ ಹುಲ್ಲು ಬೆಳೆದಿರುತ್ತದೆ. ಎರಡೂ ಕಡೆ ಎದೆಮಟ್ಟದ ಕಲ್ಲುಗೋಡೆ, ಇಲ್ಲವೇ ಕೆಂಪು ಹೂ ತೂಗುವ ಫ್ಯೂಷಿಯಾ ಬೇಲಿ. ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾದರೆ ಯಾರ ಹಿಂದೆ ತಂಗುಜಾಗ ಹತ್ತಿರವಿದೆಯೋ ಅವರು ರಿವರ್ಸ್ ಹೋಗಬೇಕು. ಹಾರ್ನ್ ಯಾರೂ ಹೊಡೆಯುವುದಿಲ್ಲ. ದಾಟುವಾಗ ರೈತ ಸ್ಟಿಯರಿಂಗಿನಿಂದ ತೋರುಬೆರಳೊಂದನ್ನು ಎತ್ತುತ್ತಾನೆ, ಅದು ಧನ್ಯವಾದವೂ ಹೌದು, ನಮಸ್ಕಾರವೂ ಹೌದು. ಪ್ರತಿಯಾಗಿ ಬೆರಳೆತ್ತುವ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಹಿಂದಿನ ಸೀಟಿನ ಜಗಳ ಅರ್ಧ ಕಡಿಮೆಯಾಗುತ್ತದೆ.

ಕಿನ್ಸೇಲ್‌ನಿಂದ ಹೊರಟವರಿಗೆ ಶೀಪ್ಸ್ ಹೆಡ್ ಪರ್ಯಾಯ ದ್ವೀಪದಲ್ಲಿ ಅಹಕಿಸ್ತ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಭಾರತೀಯ ಕುಟುಂಬವೊಂದು ಇಲ್ಲಿ ನಿಲ್ಲದೆ ಮುಂದೆ ಹೋಗಬಾರದು. 1985ರ ಜೂನ್ 23ರಂದು ಮಾಂಟ್ರಿಯಲ್‌ನಿಂದ ಲಂಡನ್ ಕಡೆಗೆ ಬರುತ್ತಿದ್ದ ಏರ್ ಇಂಡಿಯಾದ ‘ಕನಿಷ್ಕ’ ಬಾಂಬ್ ಸ್ಫೋಟಕ್ಕೆ ಸಿಕ್ಕು ಈ ಕರಾವಳಿಯಾಚೆಯ ಕಡಲಿನಲ್ಲಿ ಬಿತ್ತು. ಸತ್ತವರು 329 ಮಂದಿ. ಸಿಕ್ಕ ದೇಹಗಳನ್ನು ಕಾರ್ಕ್ ನಗರಕ್ಕೆ ತರಲಾಯಿತು. ಅಹಕಿಸ್ತದ ನೀರಂಚಿನಲ್ಲಿ ನೆರಳು ಗಡಿಯಾರದ ರೂಪದ ಸ್ಮಾರಕ, ಮಡಿದವರ ಹೆಸರು ಕೆತ್ತಿದ ಗೋಡೆ ಇವೆ. ಪ್ರತಿವರ್ಷ ಆ ದಿನ ಬೆಳಿಗ್ಗೆ ಸತ್ತವರ ಬಂಧುಗಳ ಜೊತೆ ಹಳ್ಳಿಯವರೂ ಬಂದು ನಿಲ್ಲುತ್ತಾರೆ.

ಕಿಲಾರ್ನಿಯಿಂದ ಹೊರಟು ಐವೆರಾವನ್ನು ಸುತ್ತುವ ‘ರಿಂಗ್ ಆಫ್ ಕೆರಿ’ ಈ ಕರಾವಳಿಯ ಅತಿ ಪ್ರಸಿದ್ಧ ಸುತ್ತು, 179 ಕಿ.ಮೀ. ಪ್ರವಾಸಿ ಬಸ್ಸುಗಳೆಲ್ಲ ಇದನ್ನು ಅಪ್ರದಕ್ಷಿಣೆಯಾಗಿ ಸುತ್ತುತ್ತವೆ. ಕಾರಿನವರು ಅದೇ ದಿಕ್ಕಿಗೆ ಹೋದರೆ ದಿನವಿಡೀ ಬಸ್ಸಿನ ಬೆನ್ನು ನೋಡಬೇಕು, ಪ್ರದಕ್ಷಿಣೆಯಾಗಿ ಹೋದರೆ ಇಕ್ಕಟ್ಟಿನಲ್ಲಿ ಬಸ್ಸು ಎದುರಾಗುತ್ತದೆ. ಬೆಳಿಗ್ಗೆ ಎಂಟಕ್ಕೇ ಹೊರಟುಬಿಡುವುದು ಇದಕ್ಕಿರುವ ಪರಿಹಾರ. ದಾರಿಯ ವಾಟರ್‌ವಿಲ್‌ನಲ್ಲಿ ಚಾರ್ಲಿ ಚಾಪ್ಲಿನ್‌ನ ಪ್ರತಿಮೆಯಿದೆ. ಆತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಜೆಗೆ ಇಲ್ಲಿಗೆ ವರ್ಷವರ್ಷವೂ ಬರುತ್ತಿದ್ದ. ಕಡಲಾಚೆ ಕಾಣುವ ಸ್ಕೆಲಿಗ್ ಮೈಕಲ್ ದ್ವೀಪದ ಮೇಲೆ ಕ್ರೈಸ್ತ ಸನ್ಯಾಸಿಗಳು ಸಾವಿರ ವರ್ಷಕ್ಕೂ ಹಿಂದೆ ಗಾರೆಯಿಲ್ಲದೆ ಕಟ್ಟಿದ ಕಲ್ಲು ಗುಡಿಸಲುಗಳಿವೆ. 1996ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿಗೆ 618 ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಕಡಲು ಏರಿದ ದಿನ ದೋಣಿಯೂ ಇಲ್ಲ. ಮಕ್ಕಳು, ವೃದ್ಧರು ಜೊತೆಗಿದ್ದರೆ ದ್ವೀಪಕ್ಕೆ ಇಳಿಯದೆ ದೋಣಿಯಲ್ಲೇ ಸುತ್ತು ಹಾಕಿ ಬರುವುದು ವಾಸಿ.

ಒಂದೇ ದಿನವಿದ್ದರೆ ಕೆರಿಯ ಸುತ್ತನ್ನು ಬಿಟ್ಟು ಡಿಂಗಲ್‌ಗೆ ಹೋಗಬೇಕು. ಅಲ್ಲಿನ ಸ್ಲೀ ಹೆಡ್ ರಸ್ತೆ 50 ಕಿ.ಮೀ. ಕೂಡ ಇಲ್ಲ. ಇದನ್ನು ಪ್ರದಕ್ಷಿಣೆಯಾಗಿ ಸುತ್ತುವುದು ರೂಢಿ. ಹಾಗೆ ಹೋದಾಗ ಕಡಲು ಎಡಗಡೆಗೇ ಇರುವುದರಿಂದ ರಸ್ತೆ ಅಡ್ಡಹಾಯದೆ ಎಲ್ಲೆಂದರಲ್ಲಿ ತಂಗಬಹುದು. ಇದು ಐರಿಷ್ ಭಾಷೆಯಾಡುವ ಸೀಮೆ, ಊರ ಫಲಕಗಳು ಆ ಭಾಷೆಯಲ್ಲಷ್ಟೇ ಇರುತ್ತವೆ. ನಕ್ಷೆಯ ಇಂಗ್ಲಿಷ್ ಹೆಸರನ್ನು ಹುಡುಕುತ್ತ ಮೂರು ಸಲ ಅದೇ ತಿರುವಿಗೆ ಬರುವವರಿದ್ದಾರೆ. ಡೇವಿಡ್ ಲೀನ್ ತನ್ನ ‘ರಯಾನ್ಸ್ ಡಾಟರ್’ ಚಿತ್ರವನ್ನು ತೆಗೆದದ್ದು ಇಲ್ಲೇ, ಕಲ್ಲಿನ ಹಳ್ಳಿಯೊಂದನ್ನೇ ಕಟ್ಟಿಸಿ. ಬಿಸಿಲಿಗೂ ಬಿರುಗಾಳಿಗೂ ಕಾದು ಕಾದು ಚಿತ್ರೀಕರಣ ವರ್ಷ ದಾಟಿತು, ಕೊನೆಗೆ ಕೆಲವು ದಡದ ದೃಶ್ಯಗಳನ್ನು ದಕ್ಷಿಣ ಆಫ್ರಿಕದಲ್ಲಿ ತೆಗೆಯಬೇಕಾಯಿತು. ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳಿಗಾಗಿ ಸಾವನದುರ್ಗದ ಬಂಡೆಗಳನ್ನು ಹುಡುಕಿಕೊಂಡು ಬಂದವನೂ ಇದೇ ಲೀನ್. ಇಲ್ಲಿನ ಹವೆ ಅಂಥವನ ಮಾತನ್ನೇ ಕೇಳಿಲ್ಲ. ಪ್ರವಾಸದಲ್ಲಿ ಒಂದು ದಿನವನ್ನು ಯಾವ ಊರಿಗೂ ಗೊತ್ತುಮಾಡದೆ ಖಾಲಿ ಬಿಡುವುದು ಇದೇ ಕಾರಣಕ್ಕೆ.

ಡಿಂಗಲ್ ಇರುವ ಕೆರಿ ಕೌಂಟಿಯಿಂದ ಕ್ಲೇರ್‌ಗೆ ಹೋಗಲು ಟಾರ್ಬರ್ಟ್‌ನಲ್ಲಿ ಕಾರನ್ನು ದೋಣಿಗೆ ಹತ್ತಿಸಿ ಶಾನನ್ ನದಿ ದಾಟಬೇಕು. ಇಪ್ಪತ್ತು ನಿಮಿಷ, 100 ಕಿ.ಮೀ.ಗೂ ಮಿಕ್ಕ ಸುತ್ತು ಉಳಿಯುತ್ತದೆ. ಮುಂದೆ 214 ಮೀಟರ್ ಎತ್ತರದ ಮೊಹೆರ್ ಬಂಡೆಗೋಡೆಗಳು. ಹನ್ನೊಂದರಿಂದ ನಾಲ್ಕರವರೆಗೆ ಡಬ್ಲಿನ್ ಬಸ್ಸುಗಳ ಜಂಗುಳಿ, ಬೇಸಿಗೆಯಲ್ಲಿ ಸಂಜೆ ಆರರ ನಂತರ ಹೋದರೆ ಜಾಗವೂ ಬೆಳಕೂ ಸಿಗುತ್ತದೆ.

ಊಟದ ಚಿಂತೆ ಸಸ್ಯಾಹಾರಿಗಳನ್ನು ಅನಗತ್ಯವಾಗಿ ಕಾಡುತ್ತದೆ. ದೊಡ್ಡ ಊರುಗಳಲ್ಲಿ ಭಾರತೀಯ ಹೋಟೆಲುಗಳಿವೆ. ಹಳ್ಳಿಯ ಪಬ್‌ನಲ್ಲೂ ಸೋಡಾ ಬ್ರೆಡ್, ತರಕಾರಿ ಸೂಪ್ ಸಿಗುತ್ತದೆ, ಸೂಪಿಗೆ ಮಾಂಸದ ರಸ ಬಿದ್ದಿದೆಯೇ ಎಂದು ಒಮ್ಮೆ ಕೇಳಿದರಾಯಿತು. ಮಕ್ಕಳನ್ನು ಪಬ್‌ಗೆ ಕರೆದೊಯ್ಯಲು ಅಡ್ಡಿಯಿಲ್ಲ, ರಾತ್ರಿ ಒಂಬತ್ತರೊಳಗೆ, ಮೇಯಿಂದ ಸೆಪ್ಟೆಂಬರ್‌ವರೆಗೆ ಹತ್ತರೊಳಗೆ ಹೊರಡಿಸಬೇಕು. ಅಜ್ಜ ಅಜ್ಜಿ ಜೊತೆಗಿದ್ದರೆ ಹೋಟೆಲಿಗಿಂತ ಅಡುಗೆಮನೆಯಿರುವ ಬಾಡಿಗೆ ಮನೆಯೇ ಮೇಲು. ಬೆಳಿಗ್ಗೆ ಒಂದು ಪಾತ್ರೆ ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿಕೊಂಡರೆ ಮಧ್ಯಾಹ್ನ ಹೋಟೆಲು ಹುಡುಕುವ ಪಾಡಿಲ್ಲ. ಊರಿನಿಂದ ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ತರಬಹುದು. ತುಪ್ಪ, ಖೋವಾ ತರುವಂತಿಲ್ಲ, ಐರೋಪ್ಯ ಒಕ್ಕೂಟದ ಹೊರಗಿನ ಹಾಲಿನ ಪದಾರ್ಥಕ್ಕೂ ಮಾಂಸಕ್ಕೂ ನಿಷೇಧವಿದೆ. ಕರಿಬೇವು, ಮಾವಿನಹಣ್ಣು ಕೂಡ ಪ್ರಮಾಣಪತ್ರವಿಲ್ಲದೆ ಒಳಗೆ ಬರುವುದಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ವಿನಾಯಿತಿಯಿದೆ!

ಕ್ಲೇರ್ ಮುಗಿಸಿ ಗಾಲ್ವೇ ನಗರ ಸೇರಿದರೆ ಅಲ್ಲಿಂದ ಡಬ್ಲಿನ್‌ಗೆ ನೇರ ಮೋಟಾರುದಾರಿ, ಎರಡೂವರೆ ಗಂಟೆಯ ಓಟ. ವಿಮಾನ ನಿಲ್ದಾಣದ ಕಡೆಗೆ ಹೊರಳಿದ ಮೇಲೆ ಎಂ50 ವರ್ತುಲ ರಸ್ತೆಯಲ್ಲಿ ಒಂದು ಟೋಲ್ ಇದೆ. ಅಲ್ಲಿ ಗೇಟೂ ಇಲ್ಲ, ಕೈಚಾಚುವವರೂ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿಕೊಳ್ಳುತ್ತದೆ. ಬಾಡಿಗೆ ಕಂಪನಿಯೇ ಅದನ್ನು ಕಟ್ಟುತ್ತದೆಯೇ ಎಂದು ಕಾರು ಪಡೆಯುವಾಗಲೇ ಕೇಳಿಟ್ಟುಕೊಳ್ಳಬೇಕು. ಕಟ್ಟುವುದಿಲ್ಲವಾದರೆ ಮರುದಿನ ರಾತ್ರಿ ಎಂಟು ಗಂಟೆಯೊಳಗೆ ಆನ್‌ಲೈನಿನಲ್ಲಿ ಕಟ್ಟಬೇಕು, ತಡವಾದರೆ ದಂಡ ಬೀಳುತ್ತದೆ.