ಅಕ್ಕನ ಲೆಕ್ಕ, ನನ್ನ ಲೆಕ್ಕ

ನಾನು ಮುಂಬಯಿಗೆ ಬಂದದ್ದು 1982ರಲ್ಲಿ. ಆ ವರ್ಷ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಗಿ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮನೆಯಲ್ಲಿ ಕುಳಿತಿದ್ದರು. ನನ್ನ ಕೈಯಲ್ಲಿ ಮಾತ್ರ ಬ್ಯಾಂಕಿನ ನೇಮಕಾತಿ ಪತ್ರ, ಟ್ರಂಕಿನಲ್ಲಿ ಧಾರವಾಡದ ಎಂ.ಕಾಂ. ಸರ್ಟಿಫಿಕೇಟು. ಕುಂದಾಪುರದ ಹತ್ತಿರದ ಹಳ್ಳಿಯ ಹುಡುಗನಿಗೆ ಇನ್ನೇನು ಬೇಕು?

ಶಾಖೆ ಫೋರ್ಟಿನಲ್ಲಿ. ವಾಸ ಡೊಂಬಿವಲಿಯಲ್ಲಿ, ಒಂದೇ ಕೋಣೆಯಲ್ಲಿ ಐದು ಜನ. ಊಟದ ಬಿಡುವಿನಲ್ಲಿ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿ ಕೆದಕುವುದು ನನ್ನ ಚಟವಾಗಿತ್ತು. ಹಾಗೆ ಸಿಕ್ಕಿದ್ದು ಆಯ್ನ್ ರ್‍ಯಾಂಡ್ ಬರೆದ 'ದಿ ಫೌಂಟನ್‌ಹೆಡ್'. ಬೆನ್ನು ಹರಿದ ಪ್ರತಿ, ಹತ್ತು ರೂಪಾಯಿ. ಲೇಖಕಿ ಅದೇ ವರ್ಷ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಿದ್ದಳು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಆ ಪುಸ್ತಕ ನನ್ನನ್ನು ಯಾಕೆ ಹಿಡಿಯಿತು ಅಂತ ಈಗ ಯೋಚಿಸುತ್ತೇನೆ. ಊರಿನಲ್ಲಿ ನಮಗೆ ಕಲಿಸಿದ್ದು ಒಂದೇ ಪಾಠ: ಮನೆಗಾಗಿ ಬದುಕು, ನಾಲ್ಕು ಜನ ಮೆಚ್ಚುವ ಹಾಗೆ ಬದುಕು. ತ್ಯಾಗ ಅನ್ನುವ ಶಬ್ದ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಈಕೆಯೋ, ನಿನ್ನ ಬದುಕು ನಿನ್ನದು, ಬೇರೆಯವರಿಗಾಗಿ ನಿನ್ನನ್ನು ಬಲಿ ಕೊಡಬೇಡ, ನಿನಗಾಗಿ ಬೇರೆಯವರನ್ನೂ ಬಲಿ ಕೊಡಬೇಡ ಎನ್ನುತ್ತಿದ್ದಳು. ದುಡಿದು ಗಳಿಸಿದ್ದಕ್ಕೆ ನಾಚಬೇಡ ಎನ್ನುತ್ತಿದ್ದಳು. ಪ್ರತಿ ತಿಂಗಳು ಮನಿಯಾರ್ಡರ್ ಫಾರಂ ತುಂಬುವಾಗ ಒಳಗೊಳಗೇ ಸಿಡುಕುತ್ತಿದ್ದ, ಸಿಡುಕಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದ ಇಪ್ಪತ್ತನಾಲ್ಕರ ಹುಡುಗನಿಗೆ ಯಾರೋ ಬೆನ್ನು ತಟ್ಟಿದ ಹಾಗಾಯಿತು. ಜೊತೆಗೆ ಈ ಶಹರವೇ ಆ ಪುಸ್ತಕದ ಹಾಗಿತ್ತು ನೋಡಿ. ಇಲ್ಲಿ ನೀನು ಯಾರ ಮಗ ಅಂತ ಯಾರೂ ಕೇಳುವುದಿಲ್ಲ, ಏನು ಕೆಲಸ ಗೊತ್ತು ಅಂತ ಕೇಳುತ್ತಾರೆ. ಕನಿಷ್ಠ ಆಗ ನನಗೆ ಹಾಗೆ ಕಂಡಿತ್ತು.

ಮುಂದೆ 1957ರ 'ಅಟ್ಲಾಸ್ ಶ್ರಗ್ಡ್' ಎಂಬ ಇಟ್ಟಿಗೆಯಂಥ ಕಾದಂಬರಿಯನ್ನೂ ಲೋಕಲ್ಲಿನಲ್ಲಿ ನಿಂತುಕೊಂಡೇ ಓದಿ ಮುಗಿಸಿದೆ. ರಷ್ಯಾದಲ್ಲಿ 1905ರಲ್ಲಿ ಹುಟ್ಟಿದವಳು ಆಕೆ. 1917ರ ಕ್ರಾಂತಿಯ ನಂತರ ಅಪ್ಪನ ಔಷಧಿ ಅಂಗಡಿ ಸರ್ಕಾರದ ಪಾಲಾಯಿತು. 1926ರಲ್ಲಿ ಅಮೆರಿಕಕ್ಕೆ ಹೋದಳು. ಸರ್ಕಾರ ಕೈ ಹಾಕಿದ್ದೆಲ್ಲ ಹಾಳು ಎಂಬ ಅವಳ ಸಿಟ್ಟಿಗೆ ಅದೊಂದು ಕಾರಣ. ನಮ್ಮಲ್ಲಿ ಆಗ ಲೈಸೆನ್ಸು ಪರ್ಮಿಟ್ಟುಗಳ ಕಾಲ, ಫೋನಿಗೆ ವರ್ಷಗಟ್ಟಲೆ ಕಾಯುವ ಕಾಲ. ನಮ್ಮ ಕರಾವಳಿಯವರೇ ಆದ ಜನಾರ್ದನ ಪೂಜಾರಿಯವರ ಸಾಲಮೇಳಗಳು ನಡೆಯುತ್ತಿದ್ದವು. ಇದೆಲ್ಲ ಅವಳು ಬರೆದಂತೆಯೇ ಇದೆಯಲ್ಲ ಅಂತ ಕ್ಯಾಂಟೀನಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಆ ಸಾಲದಿಂದಲೇ ಎಮ್ಮೆ ಕಟ್ಟಿ, ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕಿದವರು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ಸಂಬಳ ಎಣಿಸುತ್ತಿದ್ದದ್ದೂ ಸರ್ಕಾರಿ ಬ್ಯಾಂಕಿನಲ್ಲೇ ಎಂದು ಒಬ್ಬ ಹಿರಿಯ ಕ್ಯಾಷಿಯರು ನೆನಪಿಸಿದಾಗ ಚಹಾ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಇಷ್ಟು ತಮಾಷೆ. ಇನ್ನು ಮುಂದಿನದು ತಮಾಷೆಯಲ್ಲ.

1990ರಲ್ಲಿ ಅಕ್ಕನ ಇನ್‌ಲ್ಯಾಂಡ್ ಪತ್ರ ಬಂತು. ಮಗ ಎಸ್.ಎಸ್.ಎಲ್.ಸಿ. ಫೇಲಾಗಿದ್ದಾನೆ, ನಿನ್ನ ಮನೆಯಲ್ಲಿ ಒಂದು ವರ್ಷ ಇಟ್ಟುಕೊಂಡು ಓದಿಸು ಅಂತ. ನನಗೆ ಆಗ ಮದುವೆಯಾಗಿ ಎರಡು ಮಕ್ಕಳು, ಡೊಂಬಿವಲಿಯಲ್ಲೇ ಒಂದು ಕೋಣೆ, ಒಂದು ಅಡುಗೆಮನೆ. ಆಗುವುದಿಲ್ಲ ಅಂತ ಬರೆದೆ. ಜಾಗವಿಲ್ಲ ಎಂದಷ್ಟೇ ಬರೆದಿದ್ದರೆ ಸರಿಯಿತ್ತು. 'ಅವನು ತನ್ನ ಕಾಲ ಮೇಲೆ ತಾನು ನಿಲ್ಲುವುದನ್ನು ಕಲಿಯಲಿ' ಎಂದು ಕೊನೆಗೊಂದು ವಾಕ್ಯ ಸೇರಿಸಿದೆ. ಆ ವಾಕ್ಯದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಅಕ್ಕ ಅಂದರೆ ಯಾರು ಹೇಳಬೇಕು. ಮಡಿಲಲ್ಲಿ ಮೊರ ಇಟ್ಟುಕೊಂಡು ಬೆಳಗಿನಿಂದ ರಾತ್ರಿ ತನಕ ಬೀಡಿ ಕಟ್ಟಿದವಳು. ವಾರ ವಾರ ಬೀಡಿ ಬ್ರಾಂಚಿಗೆ ಕಟ್ಟು ಒಯ್ದು ಕೊಟ್ಟು ಬಂದ ದುಡ್ಡಿನಲ್ಲಿ ನನ್ನ ಧಾರವಾಡದ ಹಾಸ್ಟೆಲಿನ ಫೀಸು ಕಟ್ಟಿದವಳು. ಹುಡುಗ ಹೇಗೋ ಮುಂಬಯಿಗೆ ಬಂದ. ನಮ್ಮ ಬ್ಯಾಂಕಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ, ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಮಲಗುತ್ತಿದ್ದ. ನಾನು ಹೋಗಿ ನೋಡಿದ್ದು ಎರಡೋ ಮೂರೋ ಸಲ.

2018ರಲ್ಲಿ ನಿವೃತ್ತನಾದ ಮೇಲೆ ಆ ಲೇಖಕಿಯನ್ನು ಮತ್ತೆ ಓದಿದೆ, ಈ ಸಲ 1964ರ ಪ್ರಬಂಧಗಳನ್ನು. ಅವಳ ಆದರ್ಶ ಮನುಷ್ಯ ವ್ಯಾಪಾರಿಯಂತೆ: ದುಡಿಯದೆ ಪಡೆಯುವುದಿಲ್ಲ, ಬೆಲೆ ಕೊಡದೆ ಒಯ್ಯುವುದಿಲ್ಲ. ಪ್ರೀತಿಸುವ ಹೆಂಡತಿಯ ಚಿಕಿತ್ಸೆಗೆ ಗಂಡ ಇದ್ದದ್ದೆಲ್ಲ ಸುರಿದರೂ ಅದು ತ್ಯಾಗವಲ್ಲ, ಅವಳ ಜೀವ ಅವನಿಗೇ ಬೇಕಾದದ್ದು ಎಂದೂ ಬರೆದಿದ್ದಾಳೆ. ಎಂ.ಕಾಂ. ಓದಿದವನು ನಾನು, ಜಮೆಯ ಕಡೆ ಮಾತ್ರ ಓದಿ ಖರ್ಚಿನ ಪುಟ ಮಡಚಿಟ್ಟಿದ್ದೆ. ಸ್ವಂತ ದುಡಿಮೆ ಅಂತ ನಾನು ಬೀಗಿದ್ದರಲ್ಲಿ ಅಕ್ಕನ ಸಾವಿರಾರು ಬೀಡಿಗಳಿದ್ದವು. ಅವಳ ತತ್ವದ ಪ್ರಕಾರವೇ ನಾನು ಬಾಕಿದಾರ.

ಆ ವರ್ಷ ಊರಿಗೆ ಹೋದಾಗ, ತಡವರಿಸುತ್ತಲೇ, 'ನೀನು ನನಗೋಸ್ಕರ ಎಷ್ಟು ತ್ಯಾಗ ಮಾಡಿದೆ ಅಕ್ಕ' ಅಂದೆ. ಅಕ್ಕ ನಕ್ಕುಬಿಟ್ಟಳು.

'ಎಂತ ತ್ಯಾಗ ಮಾರಾಯ? ನಂಗೆ ಬೇಕಿತ್ತ್, ಮಾಡ್ದೆ. ನಮ್ಮನಿಂದ ಒಬ್ಬ ಪ್ಯಾಂಟ್ ಹಾಯ್ಕಂಡ್ ಬ್ಯಾಂಕಿಗೆ ಹೋಪುದ್ ಕಾಂಬುಕೆ ನಂಗೆ ಆಸೆ ಇದ್ದಿತ್.'

ನಾನು ಎರಡು ದಪ್ಪ ಪುಸ್ತಕ ಓದಿ ಕಲಿಯಲಾರದ್ದನ್ನು ನಾಲ್ಕನೇ ಕ್ಲಾಸಿನ ಅಕ್ಕ ಬದುಕಿಬಿಟ್ಟಿದ್ದಳು. ತನಗೆ ಯಾವುದು ಬೇಕು ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಯಾವುದು ಬೇಡ ಎಂಬುದಷ್ಟೇ. 1990ರಲ್ಲಿ ನಾನು ತೋರಿಸಿದ್ದು ಸ್ವಹಿತದ ವಿವೇಕವಲ್ಲ, ಇಕ್ಕಟ್ಟಿನ ಹೆದರಿಕೆ. ಅದಕ್ಕೆ ದೊಡ್ಡ ಹೆಸರು ಬೇಕಾಗಿತ್ತು. ಹಾಗಂತ ಆ ಪುಸ್ತಕವನ್ನು ನಾನು ಎಸೆದಿಲ್ಲ. ನಾಚಿಕೆಯಿಲ್ಲದೆ ದುಡಿಯುವುದನ್ನು, ಆಗದ್ದಕ್ಕೆ ಆಗದು ಅನ್ನುವುದನ್ನು ನನಗೆ ಕಲಿಸಿದ್ದು ಅದೇ. ಕಣ್ಣು ಮುಚ್ಚಿ ಜಾಮೀನು ಸಹಿ ಹಾಕಿ ಮನೆ ಕಳಕೊಂಡವರನ್ನು ಸಾಲ ವಿಭಾಗದಲ್ಲಿ ಕುಳಿತು ನಾನು ಕಂಡಿದ್ದೇನೆ.

ಅಕ್ಕ ದುಡ್ಡು ಮುಟ್ಟಲಿಲ್ಲ. ಅಳಿಯ ಈಗ ಊರಿನಲ್ಲಿ ಸ್ವಂತ ಹೋಟೆಲು ಇಟ್ಟಿದ್ದಾನೆ. 2022ರಲ್ಲಿ ಅವನ ಮಗನಿಗೆ ಮುಂಬಯಿಯಲ್ಲಿ ಕೆಲಸ ಸಿಕ್ಕಿತು. ಕೂಡಲೇ ಫೋನು ಮಾಡಿದೆ. ನಮ್ಮ ಮಕ್ಕಳಿಬ್ಬರೂ ಹೊರಗಿದ್ದಾರೆ, ಎರಡು ಕೋಣೆ ಖಾಲಿ ಬಿದ್ದಿವೆ, ಹುಡುಗ ನಮ್ಮಲ್ಲೇ ಇರಲಿ ಎಂದೆ.

'ಬೇಡ ಮಾವ, ಆಫೀಸಿನ ಹತ್ತಿರವೇ ಪೇಯಿಂಗ್ ಗೆಸ್ಟ್ ಆಗಿ ಜಾಗ ನೋಡಿದ್ದಾನೆ,' ಅಂದ. 'ತನ್ನ ಕಾಲ ಮೇಲೆ ತಾನು ನಿಲ್ಲುವುದನ್ನು ಕಲಿಯಲಿ.'

ನನ್ನ ಪತ್ರವನ್ನು ಅಕ್ಕ ಅಂದು ಅವನಿಗೆ ಓದಿ ಹೇಳಿದ್ದಳೋ, ಎಲ್ಲರೂ ಆಡುವ ಮಾತೇ ಅವನ ಬಾಯಿಗೂ ಬಂತೋ, ಕೇಳುವ ಧೈರ್ಯವಾಗಲಿಲ್ಲ. ಹುಡುಗ ಭಾನುವಾರ ಊಟಕ್ಕೆ ಬರುತ್ತಾನೆ. ಬರುವಾಗ ಹಣ್ಣು ತರುತ್ತಾನೆ, ಬರಿಗೈಯಲ್ಲಿ ಬಂದದ್ದು ಈವರೆಗೆ ಇಲ್ಲ.